ಕಾಣದ ಪ್ರಶ್ನೆಗೆ ಉತ್ತರಿಸುವವರಾರು?

(ಬೇಡಕಿಹಾಳದ ಪಾಲಕರ ಸಭೆಯಲ್ಲಿ ಮಾಡಿದ ಭಾಷಣದ ಸಾರ)



ಈ ಗಡಿನಾಡಿನ ನಮ್ಮ ಮಕ್ಕಳು ಮನೆಯಲ್ಲಿ ಉರ್ದು, ಶಾಲೆಯಲ್ಲಿ ಕನ್ನಡ, ಸಂತೆಯಲ್ಲಿ ಮರಾಠಿ ಆಡುತ್ತಾರೆ. ಸಂತೆಯ ಮರಾಠಿಗೆ ಪಠ್ಯಪುಸ್ತಕವಿಲ್ಲ. ಕೇಳಿದ ನಾಲ್ಕು ಮಾತುಗಳಿಂದ ಐದನೆಯದನ್ನು ಮಗು ತಾನೇ ಕಟ್ಟಿಕೊಳ್ಳುತ್ತದೆ. ಮನುಷ್ಯನಂತೆ ಯಾವ ಕೆಲಸವನ್ನಾದರೂ ಕಲಿಯಬಲ್ಲ ಕೃತಕ ಬುದ್ಧಿಮತ್ತೆಯನ್ನು ರೂಪಿಸಲು ಹೊರಟವರು ಅರಸುತ್ತಿರುವುದು ಈ ಸಾಮರ್ಥ್ಯವನ್ನೇ.

2019ರಲ್ಲಿ ಫ್ರಾನ್ಸ್ವಾ ಶೋಲೆ ಎಂಬ ತಜ್ಞರು ಬಣ್ಣದ ಚೌಕಗಳ ಒಗಟುಗಳನ್ನು ರಚಿಸಿದರು. ಕೆಲವೇ ಉದಾಹರಣೆಗಳಿಂದ ಹೊಸ ನಿಯಮವನ್ನು ಕಂಡುಕೊಳ್ಳಬೇಕು. ಕೋಟ್ಯಂತರ ಪುಟಗಳನ್ನು ಅರಗಿಸಿಕೊಂಡ ಯಂತ್ರಗಳೂ ವರ್ಷಗಟ್ಟಲೆ ಎಡವಿದವು. 2024ರ ಡಿಸೆಂಬರಿನಲ್ಲಿ ಒಂದು ಯಂತ್ರ ಹೆಚ್ಚಿನ ಅಂಕ ಗಳಿಸಿತು. 2025ರಲ್ಲಿ ಬಂದ ಕಠಿಣತರ ಒಗಟುಗಳ ಮುಂದೆ ಯಂತ್ರಗಳು ಮತ್ತೆ ತಡವರಿಸಿದವು.

ಯಂತ್ರವನ್ನೇ ಕಂಠಪಾಠದಾಚೆಗೆ ಒಯ್ಯಲು ಜಗತ್ತು ಹೆಣಗುತ್ತಿರುವಾಗ, ನಮ್ಮ ಮಕ್ಕಳನ್ನು ಗೈಡುಗಳ ಉತ್ತರಗಳಿಗೆ ಕಟ್ಟಿಹಾಕುವುದು ಸರಿಯೇ? ಇಂದು ಮನೆಗೆ ಹೋಗಿ, ಪುಸ್ತಕದಲ್ಲಿಲ್ಲದ ಒಂದು ಪ್ರಶ್ನೆಯನ್ನು ಮಗುವಿಗೆ ಕೇಳಿರಿ. ಅದು ತಡವರಿಸಿದರೆ ಗದರದಿರಿ, ಯೋಚಿಸಲು ಬಿಡಿರಿ.