ನಿಂತರೆ ಹೊರಕ್ಕೆ, ಓಡಿದರೆ ಒಳಕ್ಕೆ

(ಬಾನುಲಿ ಭಾಷಣ)



ಅರಸೀಕೆರೆಯ ಸೀಮೆಯವರಿಗೆ ತೆಂಗಿನೆಣ್ಣೆಯ ಸ್ವಭಾವವನ್ನು ಯಾರೂ ಹೇಳಿಕೊಡಬೇಕಾಗಿಲ್ಲ. ಪುಷ್ಯಮಾಸದ ಬೆಳಗಿನಲ್ಲಿ ಬಚ್ಚಲುಮನೆಯ ಗೂಡಿನಲ್ಲಿಟ್ಟ ಸೀಸೆಯನ್ನು ಬಗ್ಗಿಸಿದರೆ ಒಂದು ತೊಟ್ಟೂ ಬೀಳುವುದಿಲ್ಲ; ಸುಮಾರು 24 ಡಿಗ್ರಿಗಿಂತ ಕೆಳಗಿಳಿದರೆ ಎಣ್ಣೆ ಬೆಳ್ಳಗೆ ಹೆಪ್ಪುಗಟ್ಟುತ್ತದೆ. ಸೀಸೆಯನ್ನು ಬಿಸಿಲಿಗಿಟ್ಟು ನಾವು ಕಾಯುತ್ತೇವೆ. ಡೀಸೆಲ್ ಎಣ್ಣೆಯದೂ ಇದೇ ಜಾತಿಯ ಸ್ವಭಾವ, ಆದರೆ ಅದಕ್ಕೆ ಬೇಕಾದ ಚಳಿ ಇನ್ನೂ ಕಠಿಣವಾದದ್ದು. ಅದರಲ್ಲಿ ಕರಗಿರುವ ಪ್ಯಾರಾಫಿನ್ ಮೇಣ ಚಳಿಗೆ ಸಣ್ಣ ಹರಳುಗಳಾಗಿ ಬೇರ್ಪಡುತ್ತದೆ. ಎಣ್ಣೆ ಇನ್ನೂ ಹರಿಯುವಂತಿರುವಾಗಲೇ ಆ ಹರಳುಗಳು ಫಿಲ್ಟರಿನ ಕಾಗದಕ್ಕೆ ಮೆತ್ತಿಕೊಂಡು ದಾರಿ ಕಟ್ಟುತ್ತವೆ. ಇಂಡಿಯನ್ ಆಯಿಲ್ ಸಂಸ್ಥೆಯು 2019ರ ನವೆಂಬರಿನಲ್ಲಿ ಲಡಾಖಿಗೆಂದು, ಸೊನ್ನೆಗಿಂತ 33 ಡಿಗ್ರಿ ಕೆಳಗಿನವರೆಗೂ ಹರಿಯುವ ಪ್ರತ್ಯೇಕ ಡೀಸೆಲನ್ನು ಹೊರತಂದದ್ದು ಈ ಕಾರಣಕ್ಕೆ. ಅಷ್ಟು ಚಳಿಯಿಲ್ಲದ ಕಡೆಗೆ ಇನ್ನೊಂದು ಉಪಾಯವುಂಟು: ಫಿಲ್ಟರಿನ ನೆತ್ತಿಯೊಳಗೆ ವಿದ್ಯುತ್ತಿನಿಂದ ಕಾಯುವ ಒಂದು ಪುಟ್ಟ ಬಿಲ್ಲೆ. ಇದನ್ನೇ ಫಿಲ್ಟರ್ ಹೀಟರು ಎನ್ನುತ್ತಾರೆ. ಚಳಿ ಹೆಚ್ಚಿದರೆ ತಾನಾಗಿ ಕಾಯುತ್ತದೆ, ಎಣ್ಣೆ ಬೆಚ್ಚಗಾದರೆ ತಾನಾಗಿ ಸುಮ್ಮನಾಗುತ್ತದೆ.

ಇಂಥದೊಂದು ಹೀಟರು ಸೋರಿದ ಸಂಗತಿಯನ್ನು ಇವೊತ್ತು ತಮ್ಮ ಮುಂದಿಡುತ್ತಿದ್ದೇನೆ. ವಿಷಯ ಸಾಹಿತ್ಯದ್ದಲ್ಲವೆಂದು ತಾವು ಮುನಿಯಬಾರದು.

ಮಂಗಳೂರಿನಿಂದ ಚಾರ್ಮಾಡಿ ಘಟ್ಟ ಹತ್ತಿ ಬರುವ ಹೆದ್ದಾರಿ ಬೇಲೂರು, ಹಳೇಬೀಡು, ಜಾವಗಲ್, ಬಾಣಾವರಗಳನ್ನು ದಾಟಿ ಅರಸೀಕೆರೆಗೆ ಬರುತ್ತದಷ್ಟೆ. ಒಂದು ಡಿಸೆಂಬರಿನ ಕೊನೆಯ ವಾರದಲ್ಲಿ ಆ ದಾರಿಯಲ್ಲಿ ನಾನು ನನ್ನ ಬಂಧುವೊಬ್ಬರ ಲಾರಿಯಲ್ಲಿ ಕುಳಿತು ಬಂದೆ. ಬೇಲೂರಿನಲ್ಲಿ ಗೊಬ್ಬರದ ಚೀಲಗಳನ್ನು ಇಳಿಸಿ ಹಿಂದಿರುಗುತ್ತಿದ್ದ ಲಾರಿ ಅದು. ಹದಿನಾರು ಕಿಲೋಮೀಟರು ಸಲೀಸಾಗಿ ಬಂದು, ಹಳೇಬೀಡಿನಲ್ಲಿ ಡ್ರೈವರು ಚಹಾ ಕುಡಿಯಲು ನಿಲ್ಲಿಸಿದರು. ಕುಡಿದು ಬಂದು ಕೀಲಿ ತಿರುಗಿಸಿದರೆ ಎಂಜಿನ್ನು ಸುತ್ತುತ್ತದೆ, ಹೊತ್ತಿಕೊಳ್ಳುವುದಿಲ್ಲ. ಆತ ಕೆಳಗಿಳಿದು ಫಿಲ್ಟರಿನ ಮೇಲಿನ ಗುಂಡಿಯನ್ನು ಅಂಗೈಯಿಂದ ಒತ್ತುತ್ತ ಅರ್ಧ ಗಂಟೆ ಬೆವರು ಸುರಿಸಿದರು. ನಾನು ಅಷ್ಟರಲ್ಲಿ ಹೊಯ್ಸಳೇಶ್ವರನ ಗುಡಿಗೆ ಅರ್ಧ ಸುತ್ತು ಹಾಕಿ ಬಂದೆ. ಹಳೇಬೀಡಿನಲ್ಲಿ ಅರ್ಧ ಗಂಟೆ ವ್ಯರ್ಥವಾಯಿತೆಂದು ದೂರಿದವರು ಚರಿತ್ರೆಯಲ್ಲಿ ಆ ಡ್ರೈವರೊಬ್ಬರೇ ಇರಬೇಕು. ಜಾವಗಲ್ ದಾಟಿದ ಮೇಲೆ ಒಂದು ಏರಿನಲ್ಲಿ ಲಾರಿ ಕೆಮ್ಮಿತು, ಶಕ್ತಿಗುಂದಿತು, ಮತ್ತೆ ನಿಂತಿತು. ಅಂತೂ ದೀಪ ಹಚ್ಚುವ ಹೊತ್ತಿಗೆ ಅರಸೀಕೆರೆಯ ಒಂದು ಷೆಡ್ಡಿನ ಮುಂದೆ ಬಂದು ನಿಂತೆವು.

ಮಿಸ್ತ್ರಿಗೆ ಡ್ರೈವರು ಹೇಳಿದ್ದು ಇಷ್ಟು: ಹೋದ ವಾರ ಟ್ಯಾಂಕು ತುಂಬಿಸಿದಾಗ ಫಿಲ್ಟರಿನಿಂದ ಡೀಸೆಲ್ ತೊಟ್ಟಿಕ್ಕುತ್ತಿತ್ತು, ದಾರಿಯಲ್ಲೊಬ್ಬರು ಅಂಟು ಹಚ್ಚಿಕೊಟ್ಟರು, ಈಗ ತೊಟ್ಟಿಕ್ಕುವುದು ನಿಂತಿದೆ, ಸೋರಿಕೆ ವಾಸಿಯಾಗಿದೆ, ಇದು ಬೇರೆಯೇ ರೋಗ.

ಮಿಸ್ತ್ರಿ ನಕ್ಕರು. "ಟ್ಯಾಂಕಿನಲ್ಲಿ ಈಗ ಎಷ್ಟಿದೆ?" ಎಂದು ಕೇಳಿದರು. ಅರ್ಧಕ್ಕಿಂತ ಕಡಮೆ.

ಆ ಪ್ರಶ್ನೆಯ ಅರ್ಥ ನನಗೆ ಹೊಳೆದದ್ದು ಆಮೇಲೆ. ಟ್ಯಾಂಕಿಗೂ ಎಂಜಿನ್ನಿಗೂ ನಡುವೆ ಇರುವ ಈ ಮೊದಲ ಫಿಲ್ಟರಿನೊಳಗೆ, ಲಾರಿ ಓಡುವಾಗ ಒತ್ತಡವಿರುವುದಿಲ್ಲ, ಸೆಳೆತವಿರುತ್ತದೆ. ಮುಂದಿನ ಪಂಪು ಎಣ್ಣೆಯನ್ನು ಹೀರಿಕೊಳ್ಳುತ್ತಿರುತ್ತದೆ. ಟ್ಯಾಂಕು ತುಂಬಿ ಲಾರಿ ನಿಂತಿರುವಾಗ ಎಣ್ಣೆಯ ಮಟ್ಟ ಫಿಲ್ಟರಿಗಿಂತ ಮೇಲಿದ್ದರೆ, ಸಂದಿನಿಂದ ಎಣ್ಣೆ ಹೊರಕ್ಕೆ ಜಿನುಗುತ್ತದೆ. ಮಟ್ಟ ಕೆಳಗಿಳಿದರೆ ಜಿನುಗುವುದು ನಿಲ್ಲುತ್ತದೆ. ಅದೇ ಸಂದಿನಿಂದ ಗಾಳಿ ಒಳಹೊಕ್ಕು, ಕೊಳವೆಯಲ್ಲಿದ್ದ ಎಣ್ಣೆ ಮೆಲ್ಲಗೆ ಟ್ಯಾಂಕಿಗೆ ಹಿಂದಿರುಗುತ್ತದೆ. ಓಡುವಾಗಲಂತೂ ಗಾಳಿಯನ್ನು ಪಂಪೇ ಎಳೆದುಕೊಳ್ಳುತ್ತದೆ. ಎಂದರೆ ಇದು ನಿಂತರೆ ಹೊರಕ್ಕೆ, ಓಡಿದರೆ ಒಳಕ್ಕೆ ಸೋರುವ ಸೋರಿಕೆ. ನೆಲ ಒಣಗಿದ ಮೇಲೆಯೇ ರೋಗ ಬಲಿತದ್ದು.

ಗಾಳಿ ಹೊಕ್ಕರೆ ಅಷ್ಟು ಪ್ರಮಾದವೇ ಎಂದು ಕೇಳಬಹುದು. ವಿಚಿತ್ರವೆಂದರೆ, ರುಡಾಲ್ಫ್ ಡೀಸೆಲ್ ಮಹಾಶಯನು 1897ರಲ್ಲಿ ಆಗ್ಸ್‌ಬರ್ಗಿನಲ್ಲಿ ಓಡಿಸಿ ತೋರಿಸಿದ ಎಂಜಿನ್ನಿಗೆ ಎಣ್ಣೆಯನ್ನು ಊದುತ್ತಿದ್ದುದೇ ಒತ್ತಿದ ಗಾಳಿ. ಅದಕ್ಕೆ ಬೇಕಾದ ಭಾರಿ ಸಲಕರಣೆಯನ್ನು ಹೊತ್ತು ಲಾರಿ ಓಡುವಂತಿರಲಿಲ್ಲ. ಗಾಳಿಯ ನೆರವಿಲ್ಲದೆ ಎಣ್ಣೆಯನ್ನೇ ಅಳೆದು ಚಿಮ್ಮಿಸುವ ಪಂಪನ್ನು ಬಾಷ್ ಸಂಸ್ಥೆ 1927ರಲ್ಲಿ ಸಾಲುಸಾಲಾಗಿ ತಯಾರಿಸತೊಡಗಿದ ಮೇಲೆಯೇ ಡೀಸೆಲ್ ಲಾರಿಗೆ ದಾರಿಯಾದದ್ದು. ನಮ್ಮಲ್ಲಿ 1951ರಲ್ಲಿ ಬೆಂಗಳೂರಿನಲ್ಲಿ ಸ್ಥಾಪನೆಯಾದ ಮೈಕೋ ಆ ವಿದ್ಯೆಯನ್ನು ತಂದಿತು. 2008ರಲ್ಲಿ ಅದರ ಹೆಸರೂ ಬಾಷ್ ಎಂದಾಯಿತು. ಎಣ್ಣೆಯನ್ನು ಒತ್ತಿದರೆ ಅದು ಅಷ್ಟಾಗಿ ಕುಗ್ಗುವುದಿಲ್ಲ, ಗಾಳಿ ಕುಗ್ಗುತ್ತದೆ. ಗುಳ್ಳೆ ಸೇರಿದ ಎಣ್ಣೆಯನ್ನು ಪಂಪು ಎಷ್ಟು ಒತ್ತಿದರೂ ಗುಳ್ಳೆ ಮುದುಡಿಕೊಳ್ಳುತ್ತದೆಯೇ ಹೊರತು ಎಣ್ಣೆ ಚಿಮ್ಮುವುದಿಲ್ಲ. ಈಗಿನ ಎಂಜಿನ್ನುಗಳಲ್ಲಿ ಒತ್ತಡ ವಾಯುಮಂಡಲದ ಸಾವಿರಾರು ಪಟ್ಟು. ಬಿಡಿಭಾಗಗಳ ನಡುವಣ ಅಂತರವಾದರೋ ಒಂದೆರಡು ಮೈಕ್ರಾನು, ಕೂದಲೆಳೆಯ ದಪ್ಪದಲ್ಲಿ ಸಣ್ಣದೊಂದು ಅಂಶ. ಅವುಗಳಿಗೆ ಜಾರುಗೊಡುವುದೂ ಡೀಸೆಲ್ಲೇ.

ಮಾರನೆಯ ಬೆಳಿಗ್ಗೆ ಮಿಸ್ತ್ರಿ ಮೊದಲು ಮಾಡಿದ ಕೆಲಸ ಹೀಟರಿನ ತಂತಿಯ ಕೊಂಡಿಯನ್ನು ಬಿಡಿಸಿದ್ದು. ಡೀಸೆಲ್ ಪೆಟ್ರೋಲಿನಂತೆ ಭಗ್ಗನೆ ಹತ್ತಿಕೊಳ್ಳುವುದಿಲ್ಲ ನಿಜ. ಆದರೂ ಎಣ್ಣೆ ನೆನೆದ ಕಡೆಯಲ್ಲಿ ವಿದ್ಯುತ್ತು ಇರಬಾರದು. ಬಳಿಕ ಫಿಲ್ಟರಿನ ನೆತ್ತಿಯನ್ನು ಒರಸಿ ಒಣಗಿಸಿ, ಕಿಸೆಯಿಂದ ಒಂದು ಪೊಟ್ಟಣ ತೆಗೆದು ಬಿಳಿಯ ಪುಡಿಯನ್ನು ಸುತ್ತ ಉದುರಿಸಿದರು. ಏನೆಂದು ಕೇಳಿದೆ. ಬಳಪದ ಪುಡಿ. ನಿನ್ನೆ ತಾನೆ ಹಳೇಬೀಡಿನಲ್ಲಿ ಬಳಪದ ಕಲ್ಲಿನ ಆನೆ ಕುದುರೆಗಳನ್ನು ನೋಡಿ ಬಂದವನಿಗೆ ಆ ಕಲ್ಲಿಗೆ ಇಂಥ ಉದ್ಯೋಗವೂ ಉಂಟೆಂದು ತಿಳಿದಿರಲಿಲ್ಲ. ಎಂಜಿನ್ನಿನ ಕಡೆಯ ಕೊಳವೆಯನ್ನು ಮುಚ್ಚಿ, ಟ್ಯಾಂಕಿನ ಕಡೆಯ ಬಾಯಿಗೆ ಸೈಕಲ್ ಪಂಪಿನಿಂದ ಮೆಲ್ಲಗೆ ಗಾಳಿ ಕೊಟ್ಟರು. ಸ್ವಲ್ಪ ಹೊತ್ತಿಗೆ ಪುಡಿಯ ಮೇಲೆ ಎರಡು ಕಡೆ ಕಪ್ಪು ಗೆರೆ ಮೂಡಿತು. ಒಂದು, ನೆತ್ತಿಗೂ ಹೀಟರಿಗೂ ನಡುವಣ ರಬ್ಬರ್ ಉಂಗುರದ ಬಳಿ. ಇನ್ನೊಂದು ತಂತಿಯ ಕೊಂಡಿ ಸೇರುವ ಕಡ್ಡಿಗಳ ಬುಡದಲ್ಲಿ.

ಉಂಗುರ ಹೊಸದು ಹಾಕಿದರೆ ಆಯಿತು. ಕಡ್ಡಿಗಳ ಬುಡದ ಸೋರಿಕೆಗೆ ಹೀಟರನ್ನೇ ಬದಲಾಯಿಸಬೇಕು. ಆ ವಸ್ತು ಅರಸೀಕೆರೆಯಲ್ಲಿರಲಿಲ್ಲ. ಬೆಂಗಳೂರಿನಿಂದ ರೈಲಿನಲ್ಲಿ ಬರಬೇಕು, ಎಂದರೆ ಮತ್ತೊಂದು ದಿನ.

ಇಲ್ಲಿ ಜಗಳ ಹತ್ತಿತು. ಡ್ರೈವರ ಮಾತು ಸರಳವಾಗಿತ್ತು: ಈ ಊರಿನಲ್ಲಿ ಡೀಸೆಲ್ ಹೆಪ್ಪುಗಟ್ಟಿದ್ದನ್ನು ಕಂಡವರುಂಟೆ? ಕಿತ್ತು ಬಿಸಾಡಿ, ಆ ತೂತಿಗೆ ಒಂದು ಬಿರಡೆ ಜಡಿಯಿರಿ. ಫೋನಿನಲ್ಲಿ ನನ್ನ ಬಂಧುವೂ ಅದನ್ನೇ ಹೇಳಿದರು. ಲಾರಿ ಒಂದು ದಿನ ನಿಂತರೆ ಬಾಡಿಗೆ ನಿಲ್ಲುತ್ತದೆ, ಸಾಲದ ಕಂತು ನಿಲ್ಲುವುದಿಲ್ಲ. ನನಗೂ ಅದೇ ನ್ಯಾಯವೆಂದು ತೋರಿತು. ನಮ್ಮ ಬಯಲುಸೀಮೆಯ ಚಳಿ ತೆಂಗಿನೆಣ್ಣೆಯನ್ನು ಗಟ್ಟಿ ಮಾಡೀತು, ಡೀಸೆಲ್ಲನ್ನಲ್ಲ.

ಮಿಸ್ತ್ರಿ ಕೇಳಿದ್ದು ಒಂದೇ ಮಾತು: "ಮುಂದಿನ ಲೋಡು ಎಲ್ಲಿಗೆ?"

ಉಂಡೆ ಕೊಬ್ಬರಿ, ದೆಹಲಿಗೆ.

ಡ್ರೈವರು ಸುಮ್ಮನಾದರು. ಉತ್ತರದ ಜನವರಿಯನ್ನು ಆತ ಕಂಡವರು. ಮಂಜು ಮುಸುಕಿ, ಪಾದರಸ ಮೂರು ನಾಲ್ಕು ಡಿಗ್ರಿಗೆ ಇಳಿದ ಬೆಳಗಿನಲ್ಲಿ, ಟ್ಯಾಂಕಿನಲ್ಲಿ ಬೆಚ್ಚನೆಯ ಸೀಮೆಯಲ್ಲಿ ತುಂಬಿಸಿದ ಎಣ್ಣೆ ಉಳಿದಿದ್ದರೆ ಏನಾಗುವುದೆಂಬುದನ್ನು ಯಾರೂ ವಿವರಿಸಬೇಕಾಗಿರಲಿಲ್ಲ. ಅರಸೀಕೆರೆಯಲ್ಲಿ ಉಳಿಸಿದ ಒಂದು ದಿನವನ್ನು ಅಪರಿಚಿತ ಊರಿನ ರಸ್ತೆಯ ಬದಿಯಲ್ಲಿ ಆತನೇ ತೆರಬೇಕಾಗಿತ್ತು, ಬಂಧುವೂ ಅಲ್ಲ, ನಾನೂ ಅಲ್ಲ. ಹೀಟರಿನ ಅಗತ್ಯವನ್ನು ನಾವು ಲಾರಿ ನಿಂತ ಊರಿನಿಂದ ಅಳೆದಿದ್ದೆವು, ಮಿಸ್ತ್ರಿ ಅದು ಹೋಗುವ ಊರಿನಿಂದ ಅಳೆದರು.

ಹೀಟರು ಬರುವವರೆಗೆ ಅವರು ಫಿಲ್ಟರನ್ನು ಬಿಚ್ಚಿ ತೋರಿಸಿದರು. ದಾರಿಯಲ್ಲಿ ಹಚ್ಚಿದ ಅಂಟು ಒಳಗಡೆ ಚಕ್ಕೆಯಾಗಿ ಏಳತೊಡಗಿತ್ತು. ಅದರ ಒಂದು ಚೂರು ಮುಂದೆ ಸಾಗಿ ಪಂಪಿಗೆ ಹೊಕ್ಕಿದ್ದರೆ, ಒಂದು ಉಂಗುರದ ಬೆಲೆ ಉಳಿಸಲು ಹೋಗಿ ಆಗುತ್ತಿದ್ದ ನಷ್ಟವನ್ನು ಹೇಳದಿರುವುದೇ ಲೇಸು. ಹಳೆಯ ಉಂಗುರ ಚಪ್ಪಟೆಯಾಗಿ, ಗಟ್ಟಿಯಾಗಿ, ಬಗ್ಗಿಸಿದರೆ ಬಿರಿಯುತ್ತಿತ್ತು. ಅಳತೆ ಹೊಂದಿದರೂ ಡಬ್ಬಿಯಲ್ಲಿದ್ದ ಬೇರಾವುದೋ ಉಂಗುರವನ್ನು ಅವರು ಮುಟ್ಟಲಿಲ್ಲ, ಅದೇ ಫಿಲ್ಟರಿಗೆಂದು ಬರುವುದನ್ನೇ ತರಿಸಿದರು. ರಬ್ಬರಿಗೂ ಎಣ್ಣೆಗೂ ಹೊಂದಿಕೆಯಿರಬೇಕು. ಅಮೆರಿಕದಲ್ಲಿ 1993ರಲ್ಲಿ ಗಂಧಕ ಕಡಮೆ ಮಾಡಿದ ಡೀಸೆಲ್ ಬಂದಾಗ, ಹಳೆಯ ಎಣ್ಣೆಯಲ್ಲಿ ಉಬ್ಬಿ ಕುಳಿತಿದ್ದ ಉಂಗುರಗಳು ಹೊಸ ಎಣ್ಣೆಯಲ್ಲಿ ಕುಗ್ಗಿ, ಅನೇಕ ವಾಹನಗಳು ಸೋರತೊಡಗಿದವು.

ಹೀಟರು ಮರುದಿನ ಬಂತು. ಕೂರುವ ಜಾಗವನ್ನು ಲೋಹದ ಉಪಕರಣ ತಾಗಿಸದೆ ಬಟ್ಟೆಯಿಂದಲೇ ಒರಸಿ, ಉಂಗುರಕ್ಕೆ ಶುದ್ಧ ಡೀಸೆಲ್ ಸವರಿ, ಹೀಟರನ್ನೂ ಹೊಸ ಫಿಲ್ಟರನ್ನೂ ಕೂರಿಸಿ, ಕೈಬಲದಿಂದಲೇ ಬಿಗಿದರು. ಅತಿಯಾಗಿ ಬಿಗಿದರೆ ಅಲ್ಯುಮಿನಿಯಂ ನೆತ್ತಿ ಕೂದಲೆಳೆಯಷ್ಟು ಬಿರಿಯುತ್ತದಂತೆ. ಗಾಳಿಯ ತಿರುಪನ್ನು ಸಡಿಲಿಸಿ ಗುಂಡಿಯನ್ನು ಒತ್ತುತ್ತ ಹೋದಂತೆ ಮೊದಲು ನೊರೆ, ಆಮೇಲೆ ಗುಳ್ಳೆ, ಕೊನೆಗೆ ಬರಿಯ ಎಣ್ಣೆ ಬಂತು. ಕೀಲಿ ತಿರುಗಿಸಿದ ಕೂಡಲೆ ಎಂಜಿನ್ನು ಹೊತ್ತಿಕೊಂಡಿತು.

ಡ್ರೈವರು ಹಣ ಎಣಿಸತೊಡಗಿದರು. ಮಿಸ್ತ್ರಿ ಆಗಲೇ ತೆಗೆದುಕೊಳ್ಳಲಿಲ್ಲ. ಸಂದಿಗೆ ಮತ್ತೆ ಬಳಪದ ಪುಡಿ ಉದುರಿಸಿ, ಟ್ಯಾಂಕು ತುಂಬಿಸಿ ಬಾಣಾವರದವರೆಗೆ ಹೋಗಿಬರುವಂತೆ ಹೇಳಿದರು. ಲಾರಿ ಹಿಂದಿರುಗಿ ಬಂದ ಮೇಲೆ ಎಂಜಿನ್ನು ನಿಲ್ಲಿಸಿ, ಒಂದು ಗಂಟೆ ಹಾಗೆಯೇ ಬಿಟ್ಟು, ಬ್ಯಾಟರಿ ದೀಪ ಹಿಡಿದು ಬಗ್ಗಿ ನೋಡಿದರು. ಪುಡಿ ಬೆಳ್ಳಗೇ ಇತ್ತು.