ಮೊದಲ ಕುದುರೆಯ ಪರೀಕ್ಷೆ

ಕುದುರೆ ಸವಾರಿಯನ್ನು ಕಲೆಯೆಂದು ಒಪ್ಪುವವರು ಸಾಮಾನ್ಯವಾಗಿ ಜೀನಿನ ಮೇಲೆ ಕುಳಿತವನ ನಿಲುವು, ಲಗಾಮು ಹಿಡಿದ ಕೈಯ ಹದ, ನಾಗಾಲೋಟದ ಬೆಡಗು ಇವುಗಳನ್ನೇ ಮೆಚ್ಚುತ್ತಾರೆ. ಆದರೆ ಈ ವಿದ್ಯೆಯ ಇನ್ನೊಂದು ಅಂಗವಾದ ಅಶ್ವಪರೀಕ್ಷೆ, ಅಂದರೆ ಕೊಳ್ಳುವ ಮುನ್ನ ಕುದುರೆಯ ವಯಸ್ಸು, ಅಂಗಸೌಷ್ಠವ, ಆರೋಗ್ಯ, ಸ್ವಭಾವಗಳನ್ನು ಕಣ್ಣಿನಿಂದಲೂ ಕೈಯಿಂದಲೂ ಅಳೆಯುವ ಜಾಣ್ಮೆ, ಸವಾರಿಯಷ್ಟೇ ಹಳೆಯದು ಮತ್ತು ಅದಕ್ಕಿಂತ ಅಪರೂಪವಾದದ್ದು. ರಾಣಿ ಚನ್ನಮ್ಮ ವೃತ್ತದಲ್ಲಿ ಕುದುರೆಯೇರಿದ ರಾಣಿಯ ಪ್ರತಿಮೆಯನ್ನು ದಿನವೂ ದಾಟಿ ಹೋಗುವ, ಶಿವಜಯಂತಿಯ ಮೆರವಣಿಗೆಗೆ ರಾತ್ರಿಯಿಡೀ ನಿದ್ದೆಗೆಡುವ, ಜಾತ್ರೆಗಳಲ್ಲಿ ಕುದುರೆಗಾಡಿಯ ಶರ್ಯತ್ತಿಗೆ ಮುಗಿಬೀಳುವ ಬೆಳಗಾವಿ ಸೀಮೆಯ ತರುಣನಿಗೆ ಸ್ವಂತ ಕುದುರೆಯೊಂದರ ಹಂಬಲ ಹುಟ್ಟಿದರೆ ಅದು ಅಚ್ಚರಿಯಲ್ಲ. ನಾಲ್ಕು ತಿಂಗಳು ಸವಾರಿ ಕಲಿತ ಆತ ತಾನು ಏರಬಲ್ಲ ಕುದುರೆಯನ್ನು ತಾನೇ ಆರಿಸಲೂ ಬಲ್ಲೆನೆಂದು ತಿಳಿಯುವಲ್ಲಿ ಅಪಾಯ ಮೊದಲಾಗುತ್ತದೆ.

ಕೊಳ್ಳುವವನ ಅಜ್ಞಾನ ಮಾರುವವನ ಸಂಪತ್ತಾದ ಕಥೆ ದಕ್ಷಿಣ ದೇಶಕ್ಕೆ ಹೊಸದಲ್ಲ. ಇಲ್ಲಿನ ಅರಸರು ಯುದ್ಧದ ಕುದುರೆಗಳಿಗೆ ಬಹುಮಟ್ಟಿಗೆ ಅರಬ್ಬಿ ಸಮುದ್ರದ ಆಚೆಯನ್ನೇ ನೆಚ್ಚಿದ್ದರು. 13ನೆಯ ಶತಮಾನದ ಕೊನೆಯಲ್ಲಿ ಪಾಂಡ್ಯರ ನಾಡನ್ನು ಕಂಡ ಮಾರ್ಕೊ ಪೋಲೊ, ಕುದುರೆಯ ಆರೈಕೆ ತಿಳಿದವರಿಲ್ಲದ ಕಾರಣ ಅಲ್ಲಿ ತರಿಸಿದ ಕುದುರೆಗಳಲ್ಲಿ ಬಹುಪಾಲು ವರ್ಷದೊಳಗೇ ಸಾಯುತ್ತಿದ್ದವೆಂದೂ, ವ್ಯಾಪಾರಿಗಳು ಕುದುರೆ ವೈದ್ಯರನ್ನು ಆ ನಾಡಿಗೆ ಬರಗೊಡುತ್ತಿರಲಿಲ್ಲವೆಂದೂ ಹೇಳುತ್ತಾನೆ. ಸ್ವತಃ ಕುದುರೆ ವ್ಯಾಪಾರಿಯಾಗಿದ್ದ ಪೋರ್ಚುಗೀಸ್ ಬರಹಗಾರ ನೂನಿಜ್, ವಿಜಯನಗರದ ಸಾಳುವ ನರಸಿಂಹನು ಹೊರ್ಮುಜ್ ಮತ್ತು ಏಡನ್‌ಗಳಿಂದ ಬಂದ ಕುದುರೆಗಳನ್ನು ವರ್ತಕರು ಕೇಳಿದ ಬೆಲೆಗೇ ಕೊಳ್ಳುತ್ತಿದ್ದನೆಂದೂ, ಹಡಗಿನಲ್ಲಿ ಸತ್ತ ಕುದುರೆಯ ಬಾಲವನ್ನಷ್ಟೇ ತಂದು ತೋರಿಸಿದರೂ ಬದುಕಿದ ಕುದುರೆಗೆ ತೆರುವಷ್ಟೇ ಹಣ ತೆರುತ್ತಿದ್ದನೆಂದೂ ದಾಖಲಿಸಿದ್ದಾನೆ. ಅರಸನಿಗೆ ಅದು ರಾಜನೀತಿ, ಏಕೆಂದರೆ ನಷ್ಟದ ಭಯವಿಲ್ಲದ ವರ್ತಕ ಮತ್ತೆ ಬರುತ್ತಾನೆ. ಬೊಕ್ಕಸವಿಲ್ಲದ ಸಾಮಾನ್ಯನಿಗೆ ಆ ಔದಾರ್ಯ ಹೊಂದದು. ಇನ್ನೊಂದೆಡೆ, ಈ ನಾಡಿನಲ್ಲಿ ಅಶ್ವಪರೀಕ್ಷೆ ಶಾಸ್ತ್ರವಾಗಿಯೂ ಬೆಳೆಯಿತು: 12ನೆಯ ಶತಮಾನದಲ್ಲಿ ಕಲ್ಯಾಣದ ಅರಸ ಮೂರನೆಯ ಸೋಮೇಶ್ವರ ತನ್ನ 'ಮಾನಸೋಲ್ಲಾಸ'ದಲ್ಲಿ ಕುದುರೆಗಳ ಲಕ್ಷಣಕ್ಕೂ, ಕುದುರೆಯ ಮೇಲೆ ಕುಳಿತು ಚೆಂಡಾಡುವ ವಾಹ್ಯಾಳಿಗೂ ಎಡೆಯಿತ್ತನು; ಮುಂದೆ ಅಭಿನವಚಂದ್ರ ಕನ್ನಡದಲ್ಲಿಯೇ ಅಶ್ವವೈದ್ಯವನ್ನು ಬರೆದನು.

ಆ ಶಾಸ್ತ್ರದಿಂದ ಜನರ ಬಾಯಲ್ಲಿ ಇಂದಿಗೂ ಉಳಿದಿರುವುದು ಮಾತ್ರ ಬಣ್ಣ ಮತ್ತು ಸುಳಿ. ನಾಲ್ಕು ಕಾಲೂ ಮುಖವೂ ಬೆಳ್ಳಗಿರುವ ಪಂಚಕಲ್ಯಾಣಿಗೆ, ಕೊರಳಿನಲ್ಲಿ ದೇವಮಣಿಯೆಂಬ ರೋಮದ ಸುಳಿಯಿರುವ ಕುದುರೆಗೆ ಸಂತೆಯಲ್ಲಿ ಬೆಲೆ ಏರುತ್ತದೆ. ಈ ನಂಬಿಕೆಯನ್ನು ಹೀಗಳೆಯಬೇಕಿಲ್ಲ, ಅದರಲ್ಲಿ ಕುದುರೆಯನ್ನು ಅಂಗುಲ ಅಂಗುಲವಾಗಿ ನೋಡುವ ಅಭ್ಯಾಸವಾದರೂ ಇದೆ. ಆದರೆ ಸುಳಿ ನೋಡಿ ತೃಪ್ತನಾದವನು ಗೊರಸು ನೋಡುವುದನ್ನು ಮರೆಯುತ್ತಾನೆ, ಮತ್ತು ಕುದುರೆ ನಡೆಯುವುದು ಸುಳಿಯ ಮೇಲಲ್ಲ.

ನಿಜವಾದ ಪರೀಕ್ಷೆ ಬಾಯಿಯಿಂದ ಆರಂಭವಾಗುತ್ತದೆ. ಕುದುರೆಗೆ ಮುಂಭಾಗದ ಹಾಲುಹಲ್ಲುಗಳು ಎರಡೂವರೆ, ಮೂರೂವರೆ ಹಾಗೂ ನಾಲ್ಕೂವರೆ ವರ್ಷದ ಸುಮಾರಿಗೆ ಜೋಡಿ ಜೋಡಿಯಾಗಿ ಬಿದ್ದು, ಐದನೆಯ ವರ್ಷಕ್ಕೆ ಬಾಯಿ ತುಂಬುತ್ತದೆ. ಅಲ್ಲಿಂದ ಮುಂದೆ ಹಲ್ಲಿನ ತುದಿಯಲ್ಲಿರುವ ಕಪ್ಪು ಕುಳಿಗಳು ತೇಯುತ್ತಾ ಹೋಗುತ್ತವೆ. ಹತ್ತು ವರ್ಷದ ಹೊತ್ತಿಗೆ ಮೇಲುಸಾಲಿನ ಅಂಚಿನ ಬಾಚಿಹಲ್ಲಿನ ಮೇಲೆ, ಒಸಡಿನ ಬುಡದಲ್ಲಿ, ಸಣ್ಣ ಗೀರೊಂದು ಕಾಣಿಸಿಕೊಂಡು, ಹದಿನೈದಕ್ಕೆ ಹಲ್ಲಿನ ಅರ್ಧಕ್ಕೂ ಇಪ್ಪತ್ತಕ್ಕೆ ತುದಿಯವರೆಗೂ ಇಳಿಯುತ್ತದೆ. ಮೇವು ಮತ್ತು ಚಟಗಳಿಂದ ಈ ಲೆಕ್ಕ ಒಂದೆರಡು ವರ್ಷ ಆಚೀಚೆಯಾಗಬಹುದಾದರೂ, ಏಳು ವರ್ಷವೆಂದು ಮಾರಲು ತಂದ ಕುದುರೆಯ ಬಾಯಲ್ಲಿ ಅರ್ಧ ಇಳಿದ ಗೀರಿದ್ದರೆ ವ್ಯವಹಾರ ಅಲ್ಲಿಗೇ ಮುಗಿಯಬೇಕು. ಕಾಯಿಸಿದ ಕಬ್ಬಿಣದಿಂದ ಮುದಿ ಹಲ್ಲಿನಲ್ಲಿ ಹೊಸ ಕುಳಿ ಸುಟ್ಟು ಪ್ರಾಯ ತೋರಿಸುವ ಮೋಸವೂ ಹಳೆಯದೇ. ಆದರೆ ಗೀರನ್ನು ಅಳಿಸುವುದು ಅಷ್ಟು ಸುಲಭವಲ್ಲ.

ಬಾಯಿಯ ನಂತರ ಕಾಲು. ಕುಂಟನ್ನು ಕಾಣಲು ಮೆತ್ತನೆಯ ಹೊಲಕ್ಕಿಂತ ಗಟ್ಟಿ ನೆಲ ಮೇಲು; ಹಗ್ಗ ಸಡಿಲಬಿಟ್ಟು ಕುದುರೆಯನ್ನು ದುಡುಕಿಯಲ್ಲಿ, ಅಂದರೆ ಓರೆಯಾಗಿ ಎದುರುಬದುರಿರುವ ಮುಂಗಾಲು ಹಿಂಗಾಲುಗಳು ಜೊತೆಯಾಗಿ ಏಳುವ ಮಧ್ಯಮ ಓಟದಲ್ಲಿ, ನೇರ ಓಡಿಸಿದಾಗ ನೋವಿರುವ ಮುಂಗಾಲು ನೆಲ ಮುಟ್ಟಿದ ಕ್ಷಣ ತಲೆ ಮೇಲೇಳುತ್ತದೆ, ಗಟ್ಟಿ ಕಾಲು ಊರಿದಾಗ ಕೆಳಗಿಳಿಯುತ್ತದೆ. ಹೊಸಬರು ಈ ತಲೆಯಾಟವನ್ನು ಹುರುಪೆಂದು ಭಾವಿಸುತ್ತಾರೆ. ಪಶುವೈದ್ಯರು ಕಾಲಿನ ಕೀಲೊಂದನ್ನು ಸುಮಾರು ಒಂದು ನಿಮಿಷ ಮಡಿಸಿ ಹಿಡಿದು ಕೂಡಲೇ ಓಡಿಸಿ ನೋಡುವುದು ಅಡಗಿದ ಬೇನೆಯನ್ನು ಹೊರಗೆಳೆಯುವ ಇನ್ನೊಂದು ಉಪಾಯ. ನೋವು ನಿವಾರಕ ಕೊಟ್ಟು ಕುಂಟನ್ನು ಒಂದು ದಿನದ ಮಟ್ಟಿಗೆ ಮರೆಮಾಚುವುದು ಸಾಧ್ಯವಿರುವುದರಿಂದ ರಕ್ತಪರೀಕ್ಷೆಗೆ ಒಪ್ಪದ ಮಾರಾಟಗಾರನಿಂದ ದೂರವಿರುವುದು ಲೇಸು. ಮನುಷ್ಯರಿಗೂ ಅಂಟಬಲ್ಲ ಗ್ಲ್ಯಾಂಡರ್ಸ್ ರೋಗದ ಪರೀಕ್ಷೆಯನ್ನಂತೂ ಬಿಡುವಂತಿಲ್ಲ, ಏಕೆಂದರೆ ರೋಗ ಖಚಿತವಾದ ಕುದುರೆಯನ್ನು ಚಿಕಿತ್ಸೆಗೆ ಉಳಿಸದೆ ಕೊಲ್ಲುವುದೇ ಕ್ರಮ.

ಹಲ್ಲು ಕಾಲುಗಳಿಗಿಂತ ಓದಲು ಕಷ್ಟವಾದದ್ದು ಸ್ವಭಾವ, ಮತ್ತು ಹೊಸ ಸವಾರನ ಮೂಳೆ ಮುರಿಯುವುದು ಹೆಚ್ಚಾಗಿ ಇಲ್ಲಿಯೇ. ಪುಣೆ, ಬೆಂಗಳೂರು, ಮೈಸೂರುಗಳ ರೇಸ್ ಮೈದಾನಗಳಿಂದ ನಿವೃತ್ತವಾದ ಥರೋಬ್ರೆಡ್ ಕುದುರೆಗಳು ಅಗ್ಗವಾಗಿ ಸಿಗುತ್ತವೆ. ನೋಟಕ್ಕೆ ಅವುಗಳಷ್ಟು ಚೆಲುವಾದವು ಬೇರೆಯಿಲ್ಲ. ಆದರೆ ಎರಡನೆಯ ವರ್ಷದಿಂದಲೇ ಓಡಲು ಕಲಿತ ಈ ಪ್ರಾಣಿಗೆ ಬಿಗಿದ ಲಗಾಮು ನಿಲ್ಲುವ ಸೂಚನೆಯಲ್ಲ, ಒತ್ತುಕೊಟ್ಟು ಓಡುವ ಸೂಚನೆ. ಹೆದರಿದ ಹೊಸ ಸವಾರ ಲಗಾಮನ್ನು ಎಳೆದಷ್ಟೂ ಅದು ಮುನ್ನುಗ್ಗುತ್ತದೆ. ಗಿಡ್ಡ ರಿಕಾಬಿನಲ್ಲಿ ಎದ್ದು ನಿಲ್ಲುವ ಜಾಕಿಯ ಕೆಳಗೆ ಬೆಳೆದ ಕಾರಣ ಪಕ್ಕೆಗೆ ಒತ್ತುವ ಕಾಲಿನ ಭಾಷೆಯೂ ಅದಕ್ಕೆ ಅಪರಿಚಿತ. ಮೆರವಣಿಗೆಗೆಂದು ಕುಣಿತ ಕಲಿಸಿದ ಮಾರವಾಡಿ ಅಥವಾ ಕಾಠಿಯಾವಾಡಿ ಕುದುರೆಯದು ಬೇರೊಂದು ಬಗೆ: ಒಳಕ್ಕೆ ಬಾಗಿ ತುದಿ ಸೇರುವ ಅದರ ಕಿವಿಗಳಿಗೆ ಮನಸೋತು ತಂದವನು, ಬೀಜ ಒಡೆಸದ ಎಳೆಯ ಗಂಡು ಕುದುರೆಯು ದಾರಿಯಲ್ಲಿ ಹೆಣ್ಣು ಕುದುರೆಯನ್ನು ಕಂಡಾಗ ಏನಾಗುತ್ತದೆ ಎಂಬುದನ್ನು ಬೆನ್ನ ಮೇಲೆ ಕುಳಿತೇ ತಿಳಿಯಬೇಕಾಗುತ್ತದೆ. ಈ ತಳಿಗಳಲ್ಲಾಗಲಿ ಥರೋಬ್ರೆಡ್‌ನಲ್ಲಾಗಲಿ ದೋಷವಿಲ್ಲ. ಪಳಗಿದ ಕೈಯಲ್ಲಿ ಅವು ಅದ್ಭುತ. ಬೆಂಗಳೂರಿನ ಸವಾರ ಫವಾದ್ ಮಿರ್ಜಾ 2018ರ ಏಷ್ಯನ್ ಕ್ರೀಡಾಕೂಟದಲ್ಲಿ ಗಳಿಸಿದ ಬೆಳ್ಳಿಯ ಹಿಂದೆ ಬಾಲ್ಯದಿಂದ ನಡೆಸಿದ ಅಭ್ಯಾಸವಿತ್ತು ಎಂಬುದನ್ನು ಅವರನ್ನು ಅನುಕರಿಸಬಯಸುವವರು ಗಮನಿಸಬೇಕು.

ಕುದುರೆ ತೋರಿಸುವ ದಿನ ಮುಂಜಾನೆಯೇ ಅದನ್ನು ಬೆವರುವಂತೆ ಓಡಿಸಿ ದಣಿಸಿ, ಕೊಳ್ಳುವವರು ಬರುವ ಹೊತ್ತಿಗೆ ಸಾಧುವಾಗಿ ನಿಲ್ಲಿಸುವುದುಂಟು. ಹೇಳಿದ ಸಮಯಕ್ಕಿಂತ ಮುಂಚೆ ಹೋಗಿ, ಜೀನು ಕಟ್ಟುವ ಜಾಗದಲ್ಲಿ ಕೈಯಿಟ್ಟು ಒದ್ದೆಯಿದೆಯೇ ಎಂದು ನೋಡಿ, ಲಾಯದಿಂದ ಹೊರತರುವುದು, ಗೊರಸು ಎತ್ತುವುದು, ಜೀನು ಬಿಗಿಯುವುದು ಎಲ್ಲವನ್ನೂ ಕಣ್ಣೆದುರೇ ಮಾಡಿಸಿ, ಮೊದಲು ಮಾರುವವನನ್ನೇ ಏರಿಸಿ ನೋಡುವುದು ಬಲ್ಲವರ ಪದ್ಧತಿ. ಮಾರುವವನು ಏರಲು ಹಿಂಜರಿದರೆ ಬೇರೆ ಪ್ರಮಾಣ ಬೇಕಿಲ್ಲ.

ಕಾನೂನು ನೆರವಿಗೆ ಬರುತ್ತದೆಂಬ ಭರವಸೆ ಅಷ್ಟು ಗಟ್ಟಿಯಲ್ಲ. 1872ರ ಭಾರತೀಯ ಕರಾರು ಅಧಿನಿಯಮದ 17ನೆಯ ಕಲಮು ವಂಚನೆಯನ್ನು ವಿವರಿಸಲು ಕುದುರೆಯನ್ನೇ ಉದಾಹರಣೆಯಾಗಿ ಹಿಡಿಯುತ್ತದೆ: ದೋಷವುಳ್ಳ ಕುದುರೆಯೆಂದು ತಿಳಿದಿದ್ದೂ ಹರಾಜಿನಲ್ಲಿ ಏನನ್ನೂ ಹೇಳದೆ ಮಾರಿದವನು ವಂಚಕನಾಗುವುದಿಲ್ಲ, ಆದರೆ ಕೊಳ್ಳುವವನು, ನೀವು ಅಲ್ಲಗಳೆಯದಿದ್ದರೆ ಕುದುರೆ ದೋಷರಹಿತವೆಂದು ತಿಳಿಯುತ್ತೇನೆ ಎಂದು ಹೇಳಿದ ಮೇಲೂ ಮಾರುವವನು ಸುಮ್ಮನಿದ್ದರೆ ಆ ಮೌನವೇ ಮಾತಿಗೆ ಸಮ. ಈ ಒಂದು ಮಾತನ್ನು ಸಾಕ್ಷಿಗಳೆದುರು ಹೇಳಿ, ಉತ್ತರವನ್ನು ಬರಹದಲ್ಲಿ ಪಡೆಯುವುದಕ್ಕೆ ಖರ್ಚು ಏನೂ ಇಲ್ಲ.

ಕೊಂಡ ಮೇಲಿನ ಸಂಗತಿ ಊರಿನಿಂದ ಊರಿಗೆ ಬೇರೆ. ಬೆಳಗಾವಿಯಿಂದ ಖಾನಾಪುರ ಅರ್ಧ ಗಂಟೆಯ ದಾರಿಯಾದರೂ ಕುದುರೆಯ ಮಟ್ಟಿಗೆ ಅದು ಬೇರೆಯೇ ನಾಡು. ಮಲಪ್ರಭೆ ಹುಟ್ಟುವ ಕಣಕುಂಬಿ, ಜಾಂಬೋಟಿ, ಲೋಂಡಾಗಳ ಕಡೆಗೆ ಮಳೆಗಾಲ ಹಿಡಿದರೆ ತಿಂಗಳುಗಟ್ಟಲೆ ಬಿಡದು. ಸದಾ ಒದ್ದೆಯಾದ ನೆಲದಲ್ಲಿ ನಿಂತ ಕುದುರೆಯ ಗೊರಸಿನಡಿಯ ಮೆತ್ತನೆಯ ತ್ರಿಕೋನ ಭಾಗ ಕೊಳೆತು ಕಪ್ಪು ಕೀವಾಗಿ ನಾರುತ್ತದೆ. ಕಾಡಂಚಿನ ಕಚ್ಚುವ ನೊಣಗಳು ಸರ್ರಾ ಎಂಬ ರಕ್ತಜ್ವರವನ್ನು ಹರಡುತ್ತವೆ. ಆ ಸೀಮೆಯ ಭತ್ತದ ಹುಲ್ಲು ದನಗಳಿಗೆ ಒಗ್ಗಿದಂತೆ ಕುದುರೆಗೆ ಒಗ್ಗದು: ಸತ್ವ ಕಡಿಮೆ, ಬೂಷ್ಟು ಬೇಗ. ಕುದುರೆ ಮೆಲುಕು ಹಾಕುವ ಪ್ರಾಣಿಯಲ್ಲ, ದೇಹಕ್ಕೆ ಹೋಲಿಸಿದರೆ ಹೊಟ್ಟೆಚೀಲ ಚಿಕ್ಕದು, ತಿಂದದ್ದನ್ನು ಕಾರಿಕೊಳ್ಳಲೂ ಬರದು. ಹೀಗಾಗಿ ಬೂಷ್ಟು ಮೇವು ಅಥವಾ ಪ್ರೀತಿಯಿಂದ ಒಮ್ಮೆಲೇ ಸುರಿದ ಹುರುಳಿ ಕಡಲೆಗಳು ಪ್ರಾಣಕ್ಕೇ ಬರುವ ಹೊಟ್ಟೆಶೂಲೆಯನ್ನು ತರಬಲ್ಲವು. ಕಾಲು ಕೆರೆಯುತ್ತ, ಪಕ್ಕೆಯನ್ನು ತಿರುಗಿ ನೋಡುತ್ತ, ಮಲಗಿ ಉರುಳಾಡುವ ಕುದುರೆಗೆ ಗಂಟೆಗಳಲ್ಲಿ ವೈದ್ಯರು ಸಿಗಬೇಕು, ಮತ್ತು ದನ ಎಮ್ಮೆಗಳಲ್ಲಿ ನುರಿತ ವೈದ್ಯರೆಲ್ಲರಿಗೂ ಕುದುರೆಯ ಅನುಭವವಿರಬೇಕೆಂದು ನಿರೀಕ್ಷಿಸಲಾಗದು. ಆರರಿಂದ ಎಂಟು ವಾರಕ್ಕೊಮ್ಮೆ ಗೊರಸು ಕೆತ್ತಿ ನಾಲು ಬಡಿಯುವ ನಾಲಬಂದರು ಟಾಂಗಾಗಳ ಜೊತೆಗೇ ವಿರಳವಾಗಿದ್ದಾರೆ; ಕುದುರೆಗೆ ಮುಂಗಡ ಕೊಡುವ ಮೊದಲು ನಾಲಬಂದನನ್ನು ಗೊತ್ತುಮಾಡಿಕೊಳ್ಳುವುದು ವಿವೇಕ.

ಇಷ್ಟೆಲ್ಲ ತೊಡಕುಗಳ ನಡುವೆಯೂ ಮೊದಲ ಕುದುರೆ ಕೊಳ್ಳಬಾರದೆಂದಲ್ಲ. ಆದರೆ ಮೊದಲ ಆರು ತಿಂಗಳು, ಸಾಧ್ಯವಾದರೆ ಒಂದು ಮಳೆಗಾಲ ಪೂರ್ತಿ, ಬೇರೊಬ್ಬರ ಕುದುರೆಯನ್ನು ಬಾಡಿಗೆಗೆ ಪಡೆದು ಲಾಯ ಗುಡಿಸುವುದರಿಂದ ಹಿಡಿದು ಮೇವು ಹಾಕುವವರೆಗೆ ಎಲ್ಲವನ್ನೂ ಕೈಯಾರೆ ಮಾಡಿದವನಿಗೆ ಮಾತ್ರ ತನ್ನ ಹಂಬಲದ ತೂಕ ತಿಳಿಯುತ್ತದೆ. ಆ ಮೇಲೆ ಕೊಳ್ಳುವುದಾದರೆ, ದೀಪಾವಳಿಯ ಪಾಡ್ಯದ ಸುಮಾರಿಗೆ ಸೊಲ್ಲಾಪುರ ಜಿಲ್ಲೆಯ ಅಕಲೂಜಿನಲ್ಲಿ ನೆರೆಯುವ ಕುದುರೆ ಸಂತೆಗೆ ಹೋಗಿಬರುವುದು ಕಣ್ಣು ಪಳಗಲು ಒಳ್ಳೆಯದು, ಕೊಳ್ಳಲೇಬೇಕೆಂದಿಲ್ಲ. ಬೆಳಗಾವಿ-ಖಾನಾಪುರ ಸೀಮೆಯ ಹೊಸ ಸವಾರನಿಗೆ ಹತ್ತರಿಂದ ಹದಿನಾಲ್ಕು ವರ್ಷದ, ಲಾರಿಗಳ ಸದ್ದಿಗೆ ಬೆದರದ, ಬೀಜ ಒಡೆಸಿದ ಗಂಡು ಅಥವಾ ಸಾಧುವಾದ ಹೆಣ್ಣು ಕುದುರೆ, ಅದರ ಬಣ್ಣ ಯಾವುದೇ ಇರಲಿ, ಮೂರು ವರ್ಷದ ಪಂಚಕಲ್ಯಾಣಿಗಿಂತ ಎಲ್ಲ ರೀತಿಯಿಂದಲೂ ಉತ್ತಮವಾದ ಆಯ್ಕೆ.