ಗಾಜಿಗೆ ಹೆಪ್ಪು
(ಸಂಘದ ಭಾನುವಾರದ ಕೂಟದಲ್ಲಿ ಮಾಡಿದ ಭಾಷಣ)



ಗಾಜಿನ ವಿಚಾರ ನಮಗೇಕೆ ಎಂದು ನಿಮ್ಮಲ್ಲಿ ಕೆಲವರಿಗೆ ಅನಿಸಬಹುದು. ಹೋಟೆಲಿನಲ್ಲಿ ದುಡಿಯುವ ನಾವು ದಿನಕ್ಕೆ ನೂರಾರು ಗ್ಲಾಸುಗಳನ್ನು ಎತ್ತಿ ಇಳಿಸುತ್ತೇವೆ. ಗಿರಣಿಯಲ್ಲಿ ದುಡಿದವರು ಬಾಯ್ಲರಿನ ನೀರಿನ ಮಟ್ಟ ತೋರಿಸುವ ಗಾಜಿನ ಕೊಳವೆಯನ್ನು ಕಂಡಿದ್ದೇವೆ. ಕೈಗೆ ಇಷ್ಟು ಹತ್ತಿರವಾದ ವಸ್ತುವಿನ ಗುಣವನ್ನು ತಿಳಿಯದೆ ಇರುವುದು ಸರಿಯಲ್ಲ. ಅದನ್ನು ತಿಳಿಯದೆ ಇದ್ದುದರಿಂದ ನಮ್ಮ ಜೇಬಿಗೆ ಆದ ನಷ್ಟವನ್ನೂ ಕೊನೆಗೆ ಹೇಳುತ್ತೇವೆ.

ಮರಳು, ಸೋಡಾ, ಸುಣ್ಣದ ಕಲ್ಲು ಇವನ್ನು ಬೆರೆಸಿ ಸುಮಾರು 1,500 ಡಿಗ್ರಿ ಸೆಂಟಿಗ್ರೇಡ್ ಕಾವಿನಲ್ಲಿ ಕರಗಿಸಿದರೆ ಗಾಜು. ಉಪ್ಪು, ಸಕ್ಕರೆಗಳ ಹರಳಿನಲ್ಲಿ ಕಣಗಳು ಮಗ್ಗದ ಮೇಲಿನ ಹಾಸುಹೊಕ್ಕಿನಂತೆ ಸಾಲಾಗಿ ಕುಳಿತಿರುತ್ತವೆ. ಗಾಜಿನಲ್ಲಿ ಹಾಗಲ್ಲ. ಕಣಗಳು ಸಾಲು ಹಿಡಿಯುವ ಮೊದಲೇ ಪಾಕ ಆರಿ ಗಟ್ಟಿಯಾಗಿಬಿಟ್ಟಿರುತ್ತದೆ. ಅದು ನೂಲಾಗದ ಅರಳೆಯ ಹಾಗೆ. ಆದುದರಿಂದಲೇ ಗಾಜಿನಲ್ಲಿ ಒಂದು ಕಡೆ ಬಿರುಕು ಹುಟ್ಟಿತೆಂದರೆ ಅದನ್ನು ತಡೆಯುವ ಕಟ್ಟು ಯಾವುದೂ ಇಲ್ಲ. ಈ ತುದಿಯಿಂದ ಆ ತುದಿಗೆ ಓಡಿಬಿಡುತ್ತದೆ.

ಜಿಲೇಬಿಯ ಪಾಕ ಮಾಡುವ ಭಟ್ಟರು ಅದು ಹರಳುಗಟ್ಟದಿರಲೆಂದು ನಿಂಬೆರಸ ಹಿಂಡುತ್ತಾರೆ. ಗಾಜಿನ ಕುಲುಮೆಯವರಿಗೂ ಇದೇ ಭಯ. ಕಾವು ಇಳಿಸುವಾಗ ಹದ ತಪ್ಪಿದರೆ ಗಾಜಿನೊಳಗೆ ಹರಳು ಹುಟ್ಟಿ ಸರಕು ಕೆಡುತ್ತದೆ. ಆದರೆ ಈ ಹರಳನ್ನೇ ಉಪಯೋಗಕ್ಕೆ ತರಬಾರದೇಕೆ ಎಂದು ಯೋಚಿಸಿದವರೂ ಇದ್ದರು. ಫ್ರಾನ್ಸಿನ ವಿಜ್ಞಾನಿ ರೇಮ್ಯೂರ್ 1739ರಲ್ಲಿ ಗಾಜಿನ ಸೀಸೆಗಳನ್ನು ಮರಳು ಮತ್ತು ಜಿಪ್ಸಂ ಪುಡಿಯಲ್ಲಿ ಹೂತು, ಬಹಳ ಹೊತ್ತು ಕಾಯಿಸಿ, ಪಿಂಗಾಣಿಯಂತೆ ಬೆಳ್ಳಗಾಗುವ ಹಾಗೆ ಮಾಡಿದರು. ಆದರೆ ಹರಳುಗಳು ಮೇಲ್ಮೈಯಿಂದ ಒಳಗಡೆಗೆ ಒರಟಾಗಿ ಬೆಳೆದುವು. ಪಾತ್ರೆ ಗಟ್ಟಿಯಾಗಲಿಲ್ಲ. ಆ ಕೆಲಸ ಅಲ್ಲಿಗೇ ನಿಂತಿತು.

ಮುಂದಿನ ಹೆಜ್ಜೆಗೆ ಇನ್ನೂರು ವರ್ಷಗಳಿಗೂ ಹೆಚ್ಚು ಕಾಲ ಹಿಡಿಯಿತು. 1953ರಲ್ಲಿ ಅಮೆರಿಕದ ಕಾರ್ನಿಂಗ್ ಕಂಪನಿಯಲ್ಲಿ ಡೊನಾಲ್ಡ್ ಸ್ಟೂಕಿ ಎಂಬ ವಿಜ್ಞಾನಿ ಒಂದು ಗಾಜಿನ ಹಲಗೆಯನ್ನು 600 ಡಿಗ್ರಿಗೆ ಕಾಯಿಸಲು ಕುಲುಮೆಯಲ್ಲಿಟ್ಟರು. ಕಾವು ಹಿಡಿತದಲ್ಲಿಡುವ ಯಂತ್ರ ಕೆಟ್ಟು, ಕುಲುಮೆ 900 ಡಿಗ್ರಿಗೆ ಏರಿತು. ಗಾಜು ಕರಗಿ ಹರಿದಿರಬೇಕು ಎಂದುಕೊಂಡು ಬಾಗಿಲು ತೆರೆದರೆ, ಹಲಗೆ ಆಕಾರ ಕೆಡದೆ ಹಾಲಿನಂತೆ ಬೆಳ್ಳಗೆ ನಿಂತಿತ್ತು. ಇಕ್ಕುಳದಿಂದ ಜಾರಿ ನೆಲಕ್ಕೆ ಬಿದ್ದಾಗ ಲೋಹದಂತೆ ಸದ್ದು ಮಾಡಿತು, ಒಡೆಯಲಿಲ್ಲ.

ಕಾರಣವನ್ನು ನಮ್ಮ ಅಡಿಗೆಮನೆಯ ಮಾತಿನಲ್ಲಿಯೇ ಹೇಳಬಹುದು: ಹೆಪ್ಪು. ಆ ಗಾಜಿನಲ್ಲಿ ಬೆಳ್ಳಿಯ ಅತಿ ಸೂಕ್ಷ್ಮ ಕಣಗಳಿದ್ದುವು. ಒಂದೊಂದು ಕಣವನ್ನೂ ಆಸರೆ ಮಾಡಿಕೊಂಡು, ದಾರವನ್ನು ಹಿಡಿದು ಕಲ್ಲುಸಕ್ಕರೆ ಬೆಳೆಯುವಂತೆ, ಹರಳು ಬೆಳೆಯಿತು. ರೇಮ್ಯೂರರ ಸೀಸೆಯಲ್ಲಿ ಹರಳು ಹೊರಗಿನಿಂದ ಬಂದಿತ್ತು. ಇಲ್ಲಿ ಒಳಗೆಲ್ಲ ಒಂದೇ ಸಮನೆ ಹುಟ್ಟಿತು. ಮುಂದೆ ಬೆಳ್ಳಿಗೆ ಬದಲಾಗಿ ಟೈಟೇನಿಯಂ ಆಕ್ಸೈಡನ್ನು ಹೆಪ್ಪಾಗಿ ಹಾಕಿದರು. ಬಿಳಿ ಪೇಂಟಿಗೆ ಸೇರಿಸುವ ಪುಡಿಯೇ ಅದು.

ಇಲ್ಲಿ ಕಾವು ಕೊಡುವ ಕ್ರಮವೇ ಮುಖ್ಯ. ಹೆಪ್ಪು ಮೂಡುವ ಕಾವು ಬೇರೆ, ಹರಳು ಬೆಳೆಯುವ ಕಾವು ಬೇರೆ. ಮೊದಲನೆಯದು ಕಡಿಮೆ, ಎರಡನೆಯದು ಹೆಚ್ಚು. ಗಾಜನ್ನು ಮೊದಲು ಸುಮಾರು 700 ಡಿಗ್ರಿಯ ಮೇಲೆ ಕೆಲವು ಹೊತ್ತು ನಿಲ್ಲಿಸುತ್ತಾರೆ. ಆಗ ಒಂದು ಘನ ಸೆಂಟಿಮೀಟರಿನಲ್ಲಿ ಲಕ್ಷ ಕೋಟಿ ಬೀಜಗಳು ಮೂಡುತ್ತವೆ. ಆಮೇಲೆ 900 ಡಿಗ್ರಿಯ ಆಸುಪಾಸಿಗೆ ಏರಿಸಿ ಹರಳನ್ನು ಬೆಳೆಸುತ್ತಾರೆ. ಬೆರಕೆಗೆ ತಕ್ಕಂತೆ ಈ ಅಂಕಿಗಳು ಬದಲಾಗುತ್ತವೆ. ಅವಸರಪಟ್ಟು ಒಮ್ಮೆಲೇ ಮೇಲಕ್ಕೇರಿಸಿದರೆ ಬೀಜ ಕೆಲವೇ ಕೆಲವು, ಹರಳು ದಪ್ಪ, ವಸ್ತು ದುರ್ಬಲ. ತುಪ್ಪವನ್ನೇ ನೋಡಿ. ನಿಧಾನವಾಗಿ ಆರಿದರೆ ಮರಳು ಮರಳಾಗುತ್ತದೆ, ಬೇಗ ತಂಪಾದರೆ ನುಣ್ಣಗೆ ಗಟ್ಟುತ್ತದೆ. ಬಣ್ಣದ ಖಾತೆಯಲ್ಲಿ ದುಡಿದವರೂ ಇದನ್ನು ಬಲ್ಲರು. ಅದೇ ಬಣ್ಣ, ಅದೇ ಬಟ್ಟೆ. ಕಾವು ಏರಿಸುವ ಗತಿ ತಪ್ಪಿದರೆ ಬಣ್ಣ ಸಮನಾಗಿ ಹಿಡಿಯುವುದಿಲ್ಲ.

ಹರಳುಗಳು ಸಣ್ಣವಾಗಿ ಒತ್ತಾಗಿದ್ದರೆ ಬಿರುಕು ನೇರವಾಗಿ ಓಡಲಾರದು. ಸುತ್ತಿ ಬಳಸಿ ಹೋಗಬೇಕಾಗುತ್ತದೆ. ಲಿಥಿಯಂ ಸೇರಿದ ಬೆರಕೆಯಲ್ಲಿ ಇನ್ನೊಂದು ವಿಶೇಷವಿದೆ. ಅದರ ಹರಳು ಕಾದಾಗ ಹಿಗ್ಗುವ ಬದಲು ತುಸು ಕುಗ್ಗುತ್ತದೆ. ಉಳಿದ ಗಾಜು ಹಿಗ್ಗುತ್ತದೆ. ಒಂದಕ್ಕೊಂದು ಸರಿಹೋಗಿ ಪಾತ್ರೆಯ ಅಳತೆ ಹೆಚ್ಚುಕಡಿಮೆ ಬದಲಾಗುವುದೇ ಇಲ್ಲ. ಇಂಥ ವಸ್ತುವಿನ ಅಡಿಗೆ ಪಾತ್ರೆಗಳು 1958ರಲ್ಲಿ ಅಮೆರಿಕದ ಅಂಗಡಿಗಳಿಗೆ ಬಂದುವು. ಹರಳು ಬೆಳಕಿನ ಅಲೆಗಿಂತಲೂ ಬಹಳ ಚಿಕ್ಕದಾಗಿರುವಂತೆ ಕಾವನ್ನು ತಡೆದು ನಿಲ್ಲಿಸಿದರೆ ವಸ್ತು ಪಾರದರ್ಶಕವಾಗಿಯೇ ಉಳಿಯುತ್ತದೆ. ಹವಾಯಿ ದ್ವೀಪದ ಕೆಕ್ ದೂರದರ್ಶಕಗಳ 10 ಮೀಟರ್ ಅಗಲದ ಕನ್ನಡಿಗಳು, ಒಂದೊಂದಕ್ಕೆ 36 ತುಂಡುಗಳಂತೆ, ಈ ಜಾತಿಯ ಗಾಜಿನಿಂದಲೇ ಆದುವು.

ಈಗ ನಮ್ಮ ಚಹದ ಗ್ಲಾಸಿಗೆ ಬರೋಣ. ಅದು ಹೆಪ್ಪು ಹಾಕಿದ ಗಾಜಲ್ಲ, ಸಾದಾ ಗಾಜು. ಬಿಸಿ ಚಹ ಕುಡಿದು ಇಟ್ಟ ಗ್ಲಾಸನ್ನು ಕೂಡಲೆ ತಣ್ಣೀರಿನ ತೊಟ್ಟಿಗೆ ಮುಳುಗಿಸಿದರೆ, ಮೇಲ್ಮೈ ಕುಗ್ಗಲು ಹೊರಡುತ್ತದೆ, ಒಳಗಿನದು ಇನ್ನೂ ಹಿಗ್ಗಿಯೇ ಇರುತ್ತದೆ. ಈ ಎಳೆದಾಟದಲ್ಲಿ ಗ್ಲಾಸು ಸೀಳುತ್ತದೆ. ದಪ್ಪ ತಳದ ಗ್ಲಾಸಿಗೆ, ಅಂಚು ಚಕ್ಕೆ ಹಾರಿದ ಗ್ಲಾಸಿಗೆ ಈ ಅಪಾಯ ಇನ್ನೂ ಹೆಚ್ಚು.

ನಾವು ಹಿಂದೆ ದುಡಿದ ಒಂದು ಹೋಟೆಲಿನಲ್ಲಿ ಹೀಗೆ ಸೀಳಿದ ಗ್ಲಾಸುಗಳ ಲೆಕ್ಕವನ್ನೆಲ್ಲ ತೊಳೆಯುವ ಹುಡುಗರ ಪಗಾರದಲ್ಲಿ ಹಿಡಿಯುತ್ತಿದ್ದರು. ಗಿರಾಕಿಗಳ ನೂಕುನುಗ್ಗಲು, ಇದ್ದುದು ಒಂದೇ ತೊಟ್ಟಿ, ಗ್ಲಾಸು ಆರಲು ಸಮಯವಿಲ್ಲ. ಇದರಲ್ಲಿ ಹುಡುಗನ ತಪ್ಪೇನು? ನಷ್ಟವು ಕೆಲಸಗಾರನ ನಿರ್ಲಕ್ಷ್ಯದಿಂದ ನೇರವಾಗಿ ಆಗಿದ್ದರೆ ಮಾತ್ರ ಹಿಡಿಯಬಹುದು, ಹಿಡಿಯುವ ಮೊದಲು ಅವನ ಮಾತು ಕೇಳಬೇಕು ಎಂದು 1936ರ ವೇತನ ಪಾವತಿ ಕಾಯಿದೆ ಹೇಳಿತ್ತು. 2019ರ ವೇತನ ಸಂಹಿತೆಯೂ ಅದೇ ನಿಯಮವನ್ನು ಇಟ್ಟುಕೊಂಡಿದೆ. ಆದರೆ ಮಾತು ಕೇಳಿದಾಗ ಹೇಳಲು ನಮ್ಮ ಬಳಿ ಮಾತಿರಬೇಕು. "ಕೈಜಾರಿತು ಸ್ವಾಮೀ" ಎಂದು ತಲೆ ತಗ್ಗಿಸುವ ಬದಲು, "ಬಿಸಿ ಗ್ಲಾಸು ತಣ್ಣೀರಿಗೆ ಬಿದ್ದರೆ ಸೀಳುತ್ತದೆ, ಇನ್ನೊಂದು ತೊಟ್ಟಿಯಲ್ಲಿ ಉಗುರುಬೆಚ್ಚಗಿನ ನೀರಿಡಿಸಿ" ಎಂದು ಹೇಳಲು ನಮಗೆ ಬರಬೇಕು.

ಆದುದರಿಂದ ನಾಳೆಯಿಂದಲೇ ಮೂರು ಕೆಲಸ ಮಾಡೋಣ. ಬಿಸಿ ಗ್ಲಾಸನ್ನು ಆರಿದ ಮೇಲೆ ತೊಳೆಯೋಣ. ಚಕ್ಕೆ ಹಾರಿದ್ದನ್ನು ಬೇರೆ ಎತ್ತಿಟ್ಟು ಯಜಮಾನರಿಗೆ ತೋರಿಸೋಣ. ಪಗಾರದಲ್ಲಿ ಒಡಕಿನ ಲೆಕ್ಕ ಹಿಡಿದರೆ ಸಂಘಕ್ಕೆ ಬಂದು ಹೇಳೋಣ.